ಆರು, ಮತ್ತೊಂದು

ಏನನ್ನೂ ಕೊಳ್ಳದೆ ಬರೀ ಬೆಲೆ ಕೇಳಿಕೊಂಡು ಸಂತೆ ತುಂಬ ತಿರುಗುವ ಮನುಷ್ಯನನ್ನು ಕಂಡರೆ ವ್ಯಾಪಾರಿಗಳಿಗೆ ಮೈಯೆಲ್ಲ ಉರಿಯುತ್ತದೆ. ನಾನು ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಹಾಗೆ ತಿರುಗಿದವನು, ಅದಕ್ಕಾಗಿ ಸರ್ಕಾರದಿಂದ ಸಂಬಳ ತಿಂದವನು. ಶ್ರೀರಂಗಪಟ್ಟಣ, ಹಿರೋಡೆ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ಕಡೆಯ ಸಂತೆಗಳಲ್ಲಿ ರಾಗಿ, ಭತ್ತ, ಹುರುಳಿ, ಬೆಲ್ಲ, ಉಪ್ಪು ಯಾವ ಧಾರಣೆಗೆ ಹೋಗುತ್ತಿವೆ ಎಂದು ವಾರವಾರವೂ ಬರೆದು ಮೇಲಿನ ಕಚೇರಿಗೆ ಕಳಿಸುವುದು ನನ್ನ ಕೆಲಸವಾಗಿತ್ತು. ಹಿರೋಡೆ ಅಂದರೆ ಈಗ ನೀವು ಪಾಂಡವಪುರ ಎನ್ನುತ್ತೀರಲ್ಲ, ಅದೇ ಊರು. ಜನ ನನ್ನ ಹೆಸರನ್ನು ಮರೆತು ಧಾರಣೆ ಅಯ್ಯ ಎಂದೇ ಕರೆಯುತ್ತಿದ್ದರು.

ನನ್ನ ಹೆಂಡತಿ ಸಾವಿತ್ರಿ, "ನಿಮ್ಮ ಕಾಲಿಗೆ ಯಾರೋ ಚಕ್ರ ಕಟ್ಟಿಬಿಟ್ಟಿದ್ದಾರೆ ರೀ" ಎನ್ನುತ್ತಿದ್ದಳು. ಚಕ್ರವೇನೋ ಇತ್ತು, ಸೈಕಲ್ಲಿನದು. ಈಗ ಸೈಕಲ್ಲೂ ಇಲ್ಲ, ಸಂತೆಯೂ ಇಲ್ಲ, ಆದರೆ ಕೂತಲ್ಲಿ ಕೂರಲು ಮಾತ್ರ ಇನ್ನೂ ಬಂದಿಲ್ಲ. ತರಕಾರಿಯವಳ ಕೂಗು ಕೇಳಿಸಿದರೆ ಸಾಕು, ನಮ್ಮ ಶ್ರೀರಂಗಪಟ್ಟಣದ ಮನೆಯ ಬೀದಿ ಬಾಗಿಲಿಗೆ ಓಡಿ ಬದನೆಕಾಯಿ ಹೇಗೆ, ಮೊನ್ನೆ ಹೇಗಿತ್ತು, ಪಕ್ಕದ ಗಂಜಾಮಿನಲ್ಲಿ ಹೇಗೆ ಕೊಟ್ಟೆ ಎಂದು ಪ್ರಾಣ ತಿನ್ನುತ್ತೇನೆ. "ತಗೊಳೋದಾದ್ರೆ ಕೇಳಿ ಅಯ್ಯ, ಇಲ್ದಿದ್ರೆ ಒಳೀಕೋಗಿ" ಎಂದು ಅವಳು ಗದರಿಸುತ್ತಾಳೆ. ಅವಳು ಹೇಳುವುದೂ ಸರಿಯೇ.

ಮೊನ್ನೆ ನಮ್ಮ ಕೆಲಸಕ್ಕೆ ಹೊಸದಾಗಿ ಸೇರಿದ ಕೆಲವರು ಮನೆಗೆ ಬಂದಿದ್ದರು. ಕೈಯಲ್ಲಿ ಅಚ್ಚಾದ ಪುಸ್ತಕಗಳು, ಊರೂರಿನ, ದೇಶದೇಶದ ಬೆಲೆಗಳನ್ನು ಒಂದೇ ಸೂಚ್ಯಂಕದಲ್ಲಿ ಕಟ್ಟಿ ಹೋಲಿಸುವ ಸೂತ್ರಗಳು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ, ಸೂತ್ರ ನಿಮಗೆ ನನಗಿಂತ ಚೆನ್ನಾಗಿ ಗೊತ್ತು ಕಣ್ರಪ್ಪ, ಅದನ್ನು ನನ್ನ ಹತ್ತಿರ ಕೇಳಬೇಡಿ. ನನಗೆ ಯಾವಾಗ ಬಡ್ತಿ ಬಂತು, ಯಾವ ಸಾಹೇಬರು ಬೆನ್ನು ತಟ್ಟಿದರು ಎಂಬುದೂ ಬೇಡ. ಬಿಂಡಿಗನವಿಲೆ ರಸ್ತೆಯ ನಿಂಗಮ್ಮನ ವಿಷಯ ಹೇಳುತ್ತೇನೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದೆರಡು ಎಡವಟ್ಟುಗಳು ಸಿಗುತ್ತವೆ, ಅವನ್ನೂ ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕೋಟು ತೊಟ್ಟು, ಕಿವಿಗೆ ಸೀಸದಕಡ್ಡಿ ಸಿಕ್ಕಿಸಿಕೊಂಡು ಶ್ರೀರಂಗಪಟ್ಟಣದ ಸಂತೆಗೆ ಹೋದೆ. "ಏನಪ್ಪಾ ಶೆಟ್ಟಿ, ರಾಗಿ ಹೇಗೆ?" ಎಂದೆ. ಆ ಮಹಾನುಭಾವ ರಾಗಿಮೂಟೆಯ ಮೇಲೆಯೇ ಕೂತುಕೊಂಡು, "ರಾಗಿ ಎಲ್ಲೈತೆ ಸ್ವಾಮಿ, ಅದರ ಮುಖ ನೋಡಿ ತಿಂಗಳಾಯ್ತು" ಎಂದ. ನಾನು ತೆರಿಗೆ ಹಾಕಲು ಬಂದವನೆಂದು ಅವನ ಅನುಮಾನ. ಮಾರನೆಯ ವಾರ ಕೋಟು ಬಿಚ್ಚಿಟ್ಟು, ಸಾವಿತ್ರಿಯ ಕೈಚೀಲ ಹಿಡಿದು ಹೋದೆ. ಅದೇ ಮನುಷ್ಯ ಬಾಯಿ ತುಂಬ ಮಾತಾಡಿ ಧಾರಣೆ ಹೇಳಿದ, ಒಂದು ಹಿಡಿ ರಾಗಿ ಅಂಗೈಗೆ ಹಾಕಿ ಬಣ್ಣ ನೋಡಿ ಎಂದ. ಅಂದಿನಿಂದ ನಿವೃತ್ತನಾಗುವವರೆಗೂ ನಾನು ಚೀಲ ಬಿಡಲಿಲ್ಲ.

ಆ ಕಾಲದಲ್ಲಿ ಧಾರಣೆ ಹೇಳುತ್ತಿದ್ದ ಕ್ರಮವೇ ಬೇರೆ. ಇಷ್ಟು ರಾಗಿಗೆ ಎಷ್ಟು ರೂಪಾಯಿ ಎಂದು ಯಾರೂ ಹೇಳುತ್ತಿರಲಿಲ್ಲ, ರೂಪಾಯಿಗೆ ಎಷ್ಟು ಬಳ್ಳ ಎನ್ನುತ್ತಿದ್ದರು. ಬಳ್ಳ ಎಂದರೆ ನಮ್ಮ ಕಡೆ ಎರಡು ಸೇರು ಹಿಡಿಯುವ ಅಳತೆ. ಆದ್ದರಿಂದ ಅಂಕಿ ದೊಡ್ಡದಾದರೆ ಅಗ್ಗ, ಚಿಕ್ಕದಾದರೆ ತುಟ್ಟಿ. ಇದು ಹಳ್ಳಿಯ ಎಳೆ ಮಕ್ಕಳಿಗೂ ಗೊತ್ತಿತ್ತು. ಮೇಲಿನ ಕಚೇರಿಗೆ ಹೊಸದಾಗಿ ಬಂದ ಸಾಹೇಬರೊಬ್ಬರಿಗೆ ಮಾತ್ರ ಗೊತ್ತಿರಲಿಲ್ಲ. ಕೃಷ್ಣರಾಜಪೇಟೆಯಲ್ಲಿ ಮಳೆ ಹೋಗಿ ರಾಗಿಯ ಅಂಕಿ ವಾರವಾರವೂ ಇಳಿಯುತ್ತಿತ್ತು. ಅವರು, "ಧಾರಣೆ ಇಳಿಮುಖವಾಗಿರುವುದು ಸಂತೋಷದ ವಿಷಯ, ಪ್ರಜೆಗಳು ಸುಖವಾಗಿದ್ದಾರೆ" ಎಂದು ಷರಾ ಬರೆದು ಕಳಿಸಿದರು. ಕೃಷ್ಣರಾಜಪೇಟೆಯ ಚಾವಡಿಯಲ್ಲಿ ಅದನ್ನು ಓದಿ ಹೇಳಿದಾಗ ಗೋವಿಂದನಹಳ್ಳಿಯಿಂದ ಬಂದಿದ್ದ ಗೌಡರೊಬ್ಬರು, "ಆ ಸುಖಾನೇ ತಡಿಯಕ್ಕಾಗ್ತಿಲ್ಲ ಕಣಪ್ಪಾ" ಎಂದು ಎದ್ದು ಹೋದರು.

ಅಳತೆಯ ರೀತಿಯೂ ಊರಿಗೊಂದು. ಕೃಷ್ಣರಾಜಪೇಟೆಯಲ್ಲಿ, ನಮ್ಮ ಬಾಯಲ್ಲಿ ಅದು ಬರೀ ಪೇಟೆ, ಬಳ್ಳದ ಮೇಲೆ ಗೋಪುರ ಎದ್ದು ಕಾಳು ಸುತ್ತ ಸುರಿಯುವವರೆಗೂ ತುಂಬುತ್ತಿದ್ದರು. ಹಿರೋಡೆಯಲ್ಲಿ, ಶ್ರೀರಂಗಪಟ್ಟಣದ ಹಾಗೆಯೇ, ಕೋಲಿನಿಂದ ಸವರಿ ಮಟ್ಟ ಮಾಡುತ್ತಿದ್ದರು. ಎರಡೂ ಕಡೆ ಹೆಸರು ಒಂದೇ, ಬಳ್ಳ! ಈ ಗೋಪುರದ ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳದೆ ಪೇಟೆಯೂ ಹಿರೋಡೆಯೂ ಒಂದೇ ಧಾರಣೆ ಎಂದು ಬರೆದರೆ ಪೇಟೆಯ ಅಗ್ಗ ಕಾಣುವುದೇ ಇಲ್ಲ. ಎರಡು ಊರಿನ ಬೆಲೆ ಹೋಲಿಸುವ ಮೊದಲು ಎರಡು ಊರಿನ ಕೈಗಳನ್ನು ನೋಡಬೇಕು ಎಂದು ನಾನು ಕಲಿತದ್ದು ಅಲ್ಲಿ.

ಆಮೇಲೆ ಮೊದಲನೆಯ ಮಹಾಯುದ್ಧ ಬಂತು. ಯುದ್ಧ ಎಲ್ಲೋ ಸಮುದ್ರದಾಚೆ, ತುಟ್ಟಿ ಮಾತ್ರ ನಮ್ಮ ಒಲೆಯ ಮುಂದೆ. ಕೂಲಿಯವರ ಗೋಳು ಹೆಚ್ಚಾದಾಗ ಕಚೇರಿಯವರು ಹೊಸ ಪದ್ಧತಿಯೊಂದನ್ನು ತಂದರು. ಯುದ್ಧಕ್ಕೆ ಮುಂಚಿನ ಒಂದು ವರ್ಷವನ್ನು ಆಧಾರ ವರ್ಷ ಎಂದು ಹಿಡಿದು, ಆಗ ಪ್ರತಿ ಊರಲ್ಲೂ ಇದ್ದ ಬೆಲೆಗೆ ನೂರು ಎಂದು ಹೆಸರಿಟ್ಟರು. ಈಗಿನ ಬೆಲೆ ಆ ನೂರಕ್ಕೆ ಎಷ್ಟಾಯಿತು ಎಂಬುದೇ ಸೂಚ್ಯಂಕ. ಕೂಲಿಯನ್ನೂ ಅಷ್ಟೇ ಪಾಲು ಏರಿಸುವುದು. ಕೂಲಿಯವರ ಲೆಕ್ಕಕ್ಕೆ ಅವರು ಹಿಡಿದದ್ದು ರಾಗಿ ಒಂದನ್ನೇ. ಉಪ್ಪು, ಸೀಮೆಎಣ್ಣೆ, ಮೈಮೇಲಿನ ಬಟ್ಟೆ ಇವು ಕೂಲಿಯವರಿಗೆ ಯಾತಕ್ಕೆ ಎಂದೋ ಏನೋ!

ನಮ್ಮ ಸೂಪರಿಂಟೆಂಡೆಂಟ್ ನಾರಾಯಣಯ್ಯನವರಿಗೆ ಈ ನೂರರ ಮೇಲೆ ಭಾರಿ ಭಕ್ತಿ. ಬೆಂಗಳೂರು ಪೇಟೆಯಲ್ಲಿ ಹುಟ್ಟಿ ಬೆಳೆದವರು, ಮನೆಗೆ ಸಾಮಾನು ಮೂಟೆಯಲ್ಲೇ ಬರುತ್ತಿತ್ತು, ಸಂತೆಯ ಧೂಳು ಕಂಡರಾಗದು. ಕೆಟ್ಟವರಲ್ಲ, ಆದರೆ ಅಚ್ಚಾದ ಅಂಕಿಯನ್ನು ದೇವರ ಪಟದ ಹಾಗೆ ನೋಡುತ್ತಿದ್ದರು. ಒಂದು ದಿನ ಮದ್ರಾಸು, ಬೊಂಬಾಯಿ, ಲಂಡನ್ನುಗಳ ಅಂಕಿಗಳಿದ್ದ ಕೋಷ್ಟಕ ತೋರಿಸಿ, "ನೋಡ್ರೀ, ಲಂಡನ್ನು ನಮಗಿಂತ ಎಷ್ಟು ಮೇಲಿದೆ! ನಾವು ಪುಣ್ಯವಂತರು" ಎಂದರು. ನಾನು, "ಸಾರ್, ಇದರಲ್ಲಿ ಯಾರು ಎಷ್ಟು ಮೆಟ್ಟಿಲು ಹತ್ತಿದರು ಅನ್ನೋದು ಇದೆ. ಯಾರ ಮನೆ ಎತ್ತರದಲ್ಲಿದೆ ಅನ್ನೋದು ಇದರಲ್ಲಿ ಇಲ್ಲ" ಎಂದೆ. "ನಿಮಗೆ ಎಲ್ಲಕ್ಕೂ ಒಂದು ಕೊಂಕು" ಎಂದು ಅವರು ಕೋಷ್ಟಕ ಮಡಿಚಿಟ್ಟರು.

ಈ ಹೊಸ ಲೆಕ್ಕದಂತೆ ಕೂಲಿ ಏರಿಸಿದ ಮೇಲೆ ಒಂದು ದಿನ ನಾನು ಬಿಂಡಿಗನವಿಲೆ ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ನಾಗಮಂಗಲಕ್ಕೆ ವಾಪಸು ಬರುತ್ತಿದ್ದೆ. ರಸ್ತೆ ಬದಿಯಲ್ಲಿ ಹೆಂಗಸರ ಗುಂಪು ಜಲ್ಲಿ ಒಡೆಯುತ್ತಿತ್ತು. ಅವರ ಮುಂದಾಳು ನಿಂಗಮ್ಮ. ಎತ್ತರದ ಆಳು, ದೊಡ್ಡ ಗಂಟಲು, ಎದುರಿಗೆ ಅಮಲ್ದಾರರೇ ಬಂದರೂ ಸುತ್ತಿಗೆ ಕೆಳಗಿಡುವವಳಲ್ಲ. "ಏ ಧಾರಣೆ ಅಯ್ಯ, ಇಳೀರಿ ಕೆಳಿಕೆ" ಎಂದಳು. ಇಳಿದೆ.

"ಪಟ್ಣದ ಕಡೆ ಒಂದು ಪೆಟ್ಗೆ ಜಲ್ಲಿಗೆ ಏಳಾಣೆಯಂತೆ. ಇರೋಡೇಲೂ ಏಳು, ಪೇಟೇಲೂ ಏಳು. ನಮ್ಗೆ ಆರಾಣೆ. ಯಾಕ್ ಸ್ವಾಮಿ, ನಾಗಮಂಗ್ಲದ ಕಲ್ಲು ಮೆತ್ಗವಾ?"

ಯುದ್ಧಕ್ಕೆ ಮುಂಚೆ ನಾಲ್ಕು ಕಡೆಯೂ ಜಲ್ಲಿ ತುಂಬಿ ಅಳೆಯುವ ಒಂದು ಪೆಟ್ಟಿಗೆಗೆ ನಾಲ್ಕಾಣೆ ಕೂಲಿ ಇತ್ತು. ಇಲ್ಲಿ ರಾಗಿಯ ಬೆಲೆ ಅಷ್ಟೊಂದು ಏರಿಲ್ಲವಂತೆ, ಸೂಚ್ಯಂಕ ಹಾಗೆ ಹೇಳುತ್ತಿದೆಯಂತೆ ಎಂದು ನಾನು ತಡವರಿಸಿದೆ. "ಯಾವನ್ಲಾ ಅವ್ನು ಸೂಚ್ಯಂಕ? ಬಂದು ನಮ್ಮಟ್ಟೀಲಿ ಒಂದೊತ್ತು ಉಣ್ಣು ಅನ್ನಿ ಅವನ್ಗೆ" ಎಂದಳು. ಹೆಂಗಸರೆಲ್ಲ ನಕ್ಕರು. ಪಕ್ಕದಲ್ಲಿ ಅವಳ ಮಗಳು ಸಣ್ಣಮ್ಮ ಮಾತ್ರ ನಗಲಿಲ್ಲ. ಅವಳ ತೊಡೆಯ ಮೇಲೆ ಹಸುಗೂಸು ಮಲಗಿತ್ತು.

ನಿಂಗಮ್ಮ ದನಿ ತಗ್ಗಿಸಿದಳು. "ಇವ್ಳೂ ಇವಳ ಗಂಡಾನೂ ಕನ್ನಂಬಾಡಿ ಕಟ್ಟೆ ಕೆಲ್ಸಕ್ಕೆ ಓಯ್ತೀವಿ ಅಂತವ್ರೆ. ಅಲ್ಲಿ ಚಳಿಜ್ವರ ಸ್ವಾಮಿ, ಓದೋರು ಓದಂಗೇ ಮಲಗ್ತಾವ್ರೆ. ಮಗ ಏಟುದ್ದ ಐತೆ ನೋಡಿ. ಇಲ್ಲೂ ಏಳಾಣೆ ಆದ್ರೆ ನಿಂತ್ಕತೀನಿ ಅಂತಾಳೆ. ಒಂದಾಣೆ ಸ್ವಾಮಿ, ಒಂದೇ ಒಂದಾಣೆ." ನಾನು ನೋಡುತ್ತೇನೆ ಎಂದು ಸೈಕಲ್ ಹತ್ತಿದೆ. ಹತ್ತಿದೆನೇ ಹೊರತು ಮನೆ ಸೇರುವವರೆಗೂ ಆ ಮಾತು ಕಿವಿಯಲ್ಲಿ ಗುಂಯ್ಗುಡುತ್ತಲೇ ಇತ್ತು.

ಲೆಕ್ಕವನ್ನು ನಿಮಗೂ ಹೇಳಿಬಿಡುತ್ತೇನೆ, ಸುಲಭವಾಗಲೆಂದು ಅಂಕಿಗಳನ್ನು ದುಂಡು ಮಾಡಿದ್ದೇನೆ. ಯುದ್ಧಕ್ಕೆ ಮುಂಚೆ ಶ್ರೀರಂಗಪಟ್ಟಣದಲ್ಲಿ ರೂಪಾಯಿಗೆ ಏಳು ಬಳ್ಳ ರಾಗಿ, ಈಗ ನಾಲ್ಕು. ಏಳು ಬಳ್ಳ ಕೊಳ್ಳಲು ಮೊದಲು ಒಂದು ರೂಪಾಯಿ ಸಾಕಿತ್ತು, ಈಗ ಒಂದೂ ಮುಕ್ಕಾಲು ಬೇಕು. ಹಾಗಾಗಿ ಕೂಲಿಯೂ ನಾಲ್ಕಾಣೆಯಿಂದ ಏಳಾಣೆ. ನಾಗಮಂಗಲದಲ್ಲಿ ಯುದ್ಧಕ್ಕೆ ಮುಂಚೆ ರೂಪಾಯಿಗೆ ಆರು ಬಳ್ಳ, ಈಗ ಅಲ್ಲೂ ನಾಲ್ಕು. ಏರಿಕೆ ಒಂದೂವರೆ ಪಾಲು ಮಾತ್ರ, ಕೂಲಿ ಆರಾಣೆ. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಆದರೆ ನನಗೆ ಒಂದು ವಿಷಯ ಅರಗಲಿಲ್ಲ. ರಾಗಿ ಬೆಳೆಯುವ ಸೀಮೆ ನಾಗಮಂಗಲ, ದೇವಲಾಪುರದ ಹೊಲಗಳ ರಾಗಿ ಗಾಡಿಗಾಡಿ ಹೊರಗೆ ಹೋಗುತ್ತಿತ್ತು. ಅಂಥ ಊರಲ್ಲಿ ಯುದ್ಧಕ್ಕೆ ಮುಂಚೆ ರಾಗಿ ಪಟ್ಟಣಕ್ಕಿಂತ ತುಟ್ಟಿ ಇತ್ತೆಂದರೆ ಹೇಗೆ?

ಗೋಪುರದ ಕಾರಬಾರೇ ಇರಬೇಕು ಎಂದು ಮೊದಲು ತಿಳಿದೆ. ಮುದ್ರೆ ಒತ್ತಿದ ಸರ್ಕಾರಿ ಬಳ್ಳವೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ನಾಗಮಂಗಲದ ಸಂತೆಗೆ ಹೋದೆ. ಅಲ್ಲಿ ರಾಗಿ ಅಳೆಯುತ್ತಿದ್ದವರು ಇಮಾಂ ಸಾಬರು. ಬಿಳಿ ಗಡ್ಡ, ಮೊಣಕಾಲೂರಿ ಕೂತರೆ ಸಂತೆ ಮುಗಿಯುವವರೆಗೂ ಏಳದ ಮನುಷ್ಯ, ಇಡೀ ಸಂತೆಗೆ ಅವರ ಕೈಯ ಮೇಲೆ ನಂಬಿಕೆ. ನನ್ನ ಬಳ್ಳದಲ್ಲಿ ಅಳೆದು ಅವರ ಬಳ್ಳಕ್ಕೆ ಸುರಿದೆ. ಒಂದು ಕಾಳು ಹೆಚ್ಚಿಲ್ಲ, ಕಮ್ಮಿಯಿಲ್ಲ. ಸವರುವುದೂ ಪಟ್ಟಣದ ಹಾಗೆಯೇ. "ಏನ್ ಸಾಮಿ, ಈ ವಯಸ್ನಾಗೆ ನಮ್ಮನ್ನ ಚೋರ್ ಮಾಡಾಕೆ ಬಂದ್ರಾ?" ಎಂದು ಅವರು ಮುಖ ತಿರುಗಿಸಿದರು. ಅವರ ಮುನಿಸು ಇಳಿಸಲು ನಾನು ಬೇಡದಿದ್ದರೂ ಹುರುಳಿ ಕೊಳ್ಳಬೇಕಾಯಿತು.

ಹಾಗಾದರೆ ಈಗಿನ ಧಾರಣೆಯನ್ನೇ ನನಗೆ ತಪ್ಪು ಹೇಳುತ್ತಿದ್ದಾರೋ? ಸಾವಿತ್ರಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ, ನಾನು ಮರೆಯಲ್ಲಿ ನಿಂತು, ಅವಳ ಕೈಯಲ್ಲಿ ಕೊಳ್ಳಿಸಿದೆ. ಅವಳಿಗೂ ರೂಪಾಯಿಗೆ ನಾಲ್ಕೇ ಬಳ್ಳ ಬಂತು. ಗಾಡಿಯಲ್ಲಿ ವಾಪಸು ಹೊರಟೆವು. ಹಿರೋಡೆ ದಾಟಿದ ಮೇಲೆ, "ನಿಮ್ಮ ಈ ಒದ್ದಾಟಕ್ಕೆ ನನ್ನ ಸೊಂಟ ಹೋಯಿತು. ಆ ಹಳೇ ಧಾರಣೆ ಬರೆದವರು ಯಾರು? ಅವರನ್ನೇ ಹೋಗಿ ಕೇಳಬಾರದೇನು?" ಎಂದು ರೇಗಿದಳು.

ಬರೆದವರು ಶೇಷಗಿರಿ ರಾಯರು. ಯುದ್ಧಕ್ಕೆ ಮುಂಚೆ ನಾಗಮಂಗಲ ಅವರ ಪಾಲಿಗಿತ್ತು, ಮಿಕ್ಕ ಮೂರು ಕಡೆ ನನ್ನ ಪಾಲಿಗೆ. ಅವರು ನಿವೃತ್ತರಾದ ಮೇಲೆ ನಾಲ್ಕೂ ನನ್ನ ತಲೆಗೆ ಬಂದವು. ಮಂಗಳೂರು ಕಡೆಯವರು, ಪುಸ್ತಕದ ಹಾಗೆ ಮಾತಾಡುವವರು, ಒಂದು ಅಂಕಿಯನ್ನೂ ಹೊಡೆದುಹಾಕಿ ಬರೆದವರಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗೆ ಮಗಳ ಮನೆಯಲ್ಲಿದ್ದರು. ನಾನು ಹೋದಾಗ ಜಗಲಿಯ ಮೇಲೆ ಕೂತು ಬಹಳ ಪ್ರೀತಿಯಿಂದ ಕಾಫಿ ಕೊಡಿಸಿದರು. ನಾನು ಕೂರದೆ ನಿಂತೇ ಕುಡಿದೆ.

"ನಾಗಮಂಗಲದ ಜನರ ಔದಾರ್ಯವನ್ನು ನಾನು ಎಲ್ಲಿಯೂ ಕಾಣಲಿಲ್ಲ ನೋಡಿ" ಎಂದರು ರಾಯರು. "ಯುದ್ಧದ ಮುಂಚೆ ಒಂದು ರೂಪಾಯಿಗೆ ರಾಗಿ ಕೊಂಡರೆ, ಆ ಅಳೆಯುವ ಸಾಬರು ಆರು ಬಳ್ಳ ಅಳೆಯುವುದು, ಮತ್ತೆ ಸುಮ್ಮನೆ ಮತ್ತೊಂದು ಹಾಕುವುದು! ಬಾಯಿಬಿಟ್ಟು ಹೇಳಿಯೇ ಹಾಕುವುದು, ಆರು, ಮತ್ತೊಂದು ಅಂತ. ಬಿಟ್ಟಿ ಬಂದದ್ದನ್ನು ಧಾರಣೆಗೆ ಸೇರಿಸಬಾರದು ಎಂದು ನಿಯಮ ಉಂಟಲ್ಲ, ಹಾಗಾಗಿ ನಾನು ಆರು ಎಂದೇ ಬರೆದೆ."

ಲೋಟ ನನ್ನ ಕೈಯಿಂದ ಜಾರಿ ಜಗಲಿಯ ಕೆಳಗೆ ಉರುಳಿತು. ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೆ ಹೊರಗಿನಿಂದ ಬಂದವರಿಗಾಗಿ ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ಧಾನ್ಯ ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು, ನಾಲ್ಕು, ಐದು, ಆರು. ಆರಾದ ಮೇಲೆ ಏಳು ಎನ್ನುವುದಿಲ್ಲ. ಏಳು ಎಂದರೆ ಎದ್ದು ಹೋಗು ಎಂದ ಹಾಗಾಗುತ್ತದಲ್ಲ, ರಾಶಿಯ ಲಕ್ಷ್ಮಿಗೆ ಹಾಗೆ ಅನ್ನಬಹುದೇ? ಅದಕ್ಕೇ ಮತ್ತೊಂದು ಎನ್ನುತ್ತಾರೆ. ಆರು, ಮತ್ತೊಂದು, ಎಂಟು. ನನ್ನ ಕಿವಿಗೆ ಅದು ಹುಟ್ಟಿದಾಗಿನಿಂದ ಏಳೇ. ಪಾಪ, ರಾಯರ ಕಿವಿಗೆ ಅದು ನಾಗಮಂಗಲದವರ ಧಾರಾಳ.

ನಾನು ವಿಷಯ ಹೇಳಿದಾಗ ರಾಯರು ಹಣೆ ಚಚ್ಚಿಕೊಂಡರು. "ಅಯ್ಯೋ ದೇವರೇ, ಅಷ್ಟು ವರ್ಷ ಅವರಿಗೆ ನಾನು ಥ್ಯಾಂಕ್ಸ್ ಹೇಳಿಕೊಂಡು ಬಂದೆನಲ್ಲ ಮಾರಾಯರೇ" ಎಂದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಚೇರಿಯವರು ಕೇಳಿದರೆ ಇದನ್ನೇ ಹೇಳುತ್ತೀರಾ ಎಂದೆ. ಎಲ್ಲಿಗೆ ಕರೆದರೂ ಬಂದು ಹೇಳುತ್ತೇನೆ ಎಂದರು, ದೊಡ್ಡ ಮನುಷ್ಯರು.

ಅಂದೇ ನಾರಾಯಣಯ್ಯನವರ ಮುಂದೆ ನಿಂತೆ. ಅವರು ಕೇಳಿದರು, ನಕ್ಕರು, ಆಮೇಲೆ ತಲೆ ಅಲ್ಲಾಡಿಸಿದರು. "ಆಧಾರ ವರ್ಷ ಅಂದರೆ ಬುನಾದಿ ಕಣ್ರೀ. ಅದರ ಮೇಲೆ ಮನೆ ಕಟ್ಟಿ ಆಗಿದೆ, ಹೆಂಚು ಹೊದಿಸಿ ಆಗಿದೆ. ಯಾರೋ ಸಾಬಿ ಏನೋ ಅಂದ ಅಂತ ಕೀಳೋಕಾಗುತ್ತಾ?"

"ಬುನಾದಿಯಲ್ಲೇ ಒಂದು ಕಲ್ಲು ಕಮ್ಮಿ ಇದೆ ಸಾರ್" ಎಂದೆ.

"ಅಚ್ಚಾಗಿ ಹೋಗಿದೆ ರೀ!"

"ಅಚ್ಚಾದರೆ ಏಳು ಆರಾಗುತ್ತದೆಯೇ? ಅಲ್ಲಿ ಹೆಂಗಸರು ಕಲ್ಲು ಒಡೆಯುತ್ತಿದ್ದಾರೆ. ಪೆಟ್ಟಿಗೆಗೆ ಒಂದಾಣೆ ಈ ಒಂದು ಪದದಲ್ಲಿ ಸೋರಿ ಹೋಗುತ್ತಿದೆ." ನನ್ನ ದನಿ ಏರಿತ್ತು, ಪಕ್ಕದ ಕೋಣೆಯವರು ಇಣುಕಿ ನೋಡಿದರು. ನಾರಾಯಣಯ್ಯನವರ ಮುಖ ಕೆಂಪಾಯಿತು. ಹೊರಗೆ ಹೋಗಿ ಎನ್ನುತ್ತಾರೆಂದು ಕಾದೆ. ಅವರು, "ಸರಿ, ಮುಂದಿನ ಸಂತೆಗೆ ನಾನೇ ಬರುತ್ತೇನೆ. ನನ್ನ ಕಿವಿಯಲ್ಲಿ ಕೇಳಿದರೆ ನಂಬುತ್ತೇನೆ" ಎಂದರು.

ಆ ಮುಂದಿನ ಸಂತೆ ಎಂಬುದು ಎಷ್ಟು ಸಲ ಮುಂದೆ ಹೋಯಿತೋ! ಒಂದು ಸಲ ಸಾಹೇಬರಿಗೆ ನೆಗಡಿ, ಇನ್ನೊಂದು ಸಲ ಮೇಲಿನವರ ತಪಾಸಣೆ, ಮತ್ತೊಂದು ಸಲ ರಸ್ತೆಯಲ್ಲಿ ಕೆಸರು. ನನಗೆ ಊಟ ರುಚಿಸದು, ಬರೆಯುತ್ತಾ ಕೂತರೆ ಎದ್ದು ಹೋಗುವ ಹಾಗಾಗುವುದು. ಬಿಂಡಿಗನವಿಲೆ ರಸ್ತೆಯಲ್ಲಿ ಹೋಗುವಾಗ ನಿಂಗಮ್ಮ ಏನೂ ಕೇಳದೆ ತಲೆ ಎತ್ತಿ ನನ್ನ ಮುಖ ನೋಡುವಳು, ನಾನು ಕೈ ಅಲ್ಲಾಡಿಸಿ ಜೋರಾಗಿ ಪೆಡಲ್ ತುಳಿಯುವೆ. ಒಂದು ಸಲ ಹೋದಾಗ ಸಣ್ಣಮ್ಮ ಕೂರುತ್ತಿದ್ದ ಜಾಗದಲ್ಲಿ ಯಾರೂ ಇರಲಿಲ್ಲ. ನಾನಾಗಿಯೇ ಇಳಿದೆ.

"ಓದ್ಲು" ಎಂದಳು ನಿಂಗಮ್ಮ. "ಏಟು ದಿನಾಂತ ಕಾಯ್ತಾಳೆ? ಮಗೀನೂ ಕಟ್ಕೊಂಡೋದ್ಲು." ಸುತ್ತಿಗೆ ಎತ್ತಿದಳು, ಒಂದು ಕಲ್ಲಿಗೆ ನಾಲ್ಕು ಪೆಟ್ಟು ಹಾಕಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಕೊನೆಗೂ ನಾರಾಯಣಯ್ಯನವರು ಬಂದರು. ಬಿಳಿ ಪಂಚೆ, ಕೊಡೆ, ಮೂಗಿಗೆ ಕರವಸ್ತ್ರ. ಇಮಾಂ ಸಾಬರಿಗೆ ನಾನು ಒಂದು ಮಾತೂ ಮುಂಚೆ ಹೇಳಿರಲಿಲ್ಲ. ಹೇಳಿಕೊಟ್ಟ ಹಾಗಾಗಬಾರದಲ್ಲ. ಸಾಹೇಬರು ಎರಡು ರೂಪಾಯಿ ಕೊಟ್ಟು ಅಳೆ ಎಂದರು. ಸಾಬರು ಮೊಣಕಾಲೂರಿ ಶುರುಮಾಡಿದರು. ಅವರು ಲಾಭದ ಬದಲು ಬರ್ಕತ್ ಎನ್ನುತ್ತಿದ್ದರು, ಅರ್ಥ ಅದೇ.

"ಬರ್ಕತ್... ಎರಡು... ಮೂರು... ನಾಲ್ಕು... ಐದು... ಆರು... ಮತ್ತೊಂದು... ಎಂಟು."

"ನಿಲ್ಲಿಸು" ಎಂದರು ಸಾಹೇಬರು. "ಏಳೆಲ್ಲಿ ಹೋಯಿತು?"

"ಅಳೆದ್ನಲ್ಲ ಸಾಮಿ. ಆರಾದ್ಮೇಲೆ ಮತ್ತೊಂದು."

"ಅದು ಬಿಟ್ಟಿ ಕೊಟ್ಟದ್ದಾ?"

ಸಾಬರು ಗಾಬರಿಯಾದರು. "ಯಾ ಅಲ್ಲಾ! ಬಿಟ್ಟಿ ಯಾಕ್ ಕೊಡ್ಲಿ? ನಂಗೇನ್ ದಿಮಾಕ್ ಕೆಟ್ಟೈತಾ?"

"ಹಾಗಾದರೆ ಏಳು ಅನ್ನು, ಕೇಳೋಣ."

"ಅನ್ನಾಕಿಲ್ಲ."

"ನಾನು ಸರ್ಕಾರದ ಕಡೆಯವನು. ಅನ್ನು."

"ತೋಬಾ ತೋಬಾ. ರಾಗಿ ಮುಂದೆ ಕೂತು ಆ ಮಾತು ಅಂದ್ರೆ ರಾಗಿ ಎದ್ದೋಯ್ತದೆ. ಎದ್ದೋದ್ರೆ ಸರ್ಕಾರ ತಂದ್ಕೊಡ್ತದಾ?" ಎಂದು ಸಾಬರು ಬಳ್ಳ ಕವುಚಿಟ್ಟು ಕೈಕಟ್ಟಿ ಕೂತರು. ಸುತ್ತ ನೆರೆದಿದ್ದ ಜನ ಗೊಳ್ಳೆಂದಿತು. ಹುರುಳಿ ಅಳೆಯುತ್ತಿದ್ದವನನ್ನು ಸಾಹೇಬರು ಕೇಳಿದರು, ಅವನೂ ಅನ್ನಲಿಲ್ಲ. ಭತ್ತದವನು ಕೇಳುವ ಮೊದಲೇ ಎದ್ದು ಆಚೆಗೆ ಹೋದ. ಇಡೀ ನಾಗಮಂಗಲದ ಸಂತೆಯಲ್ಲಿ ಆರಕ್ಕೂ ಎಂಟಕ್ಕೂ ನಡುವೆ ಸರ್ಕಾರಕ್ಕೆ ಬೇಕಾದ ಆ ಒಂದು ಸಂಖ್ಯೆ ಯಾರ ಬಾಯಿಂದಲೂ ಹೊರಡಲಿಲ್ಲ.

ಗಾಡಿಯಲ್ಲಿ ಹಿಂತಿರುಗುವಾಗ ಸಾಹೇಬರು ಆ ರಾಗಿಯ ಚೀಲದ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಅವರ ಮನೆಯಲ್ಲಿ ರಾಗಿ ತಿನ್ನುವವರಿರಲಿಲ್ಲ. ಬಹಳ ದೂರ ಬಂದ ಮೇಲೆ, "ಅಲ್ಲಾ ರೀ, ಇದು ನಾಗಮಂಗಲದಲ್ಲಿ ಸಿಕ್ಕಿತು. ಸಿಗದೇ ಇರೋದು ಇನ್ನೂ ಎಷ್ಟು ಊರಲ್ಲಿದೆಯೋ?" ಎಂದರು. ಅದುವರೆಗೂ ಅವರ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ಆದರೆ ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅಚ್ಚಾದ ಕೋಷ್ಟಕ ನೋಡಿದಾಗಲೆಲ್ಲ, ಇದರಲ್ಲಿ ಯಾವ ಅಂಕಿಯ ಹಿಂದೆ ಯಾವ ಊರಿನ ಮತ್ತೊಂದು ಅಡಗಿದೆಯೋ ಎಂದು ಕೈ ಪರಪರ ಎನ್ನುತ್ತದೆ.

ಸಾಹೇಬರು ಬರೆದರು. ರಾಯರು ಬಂದು ಹೇಳಿಕೆ ಕೊಟ್ಟರು. ಬುನಾದಿಯ ಆರು ಏಳಾಯಿತು, ನಾಗಮಂಗಲದ ಸೂಚ್ಯಂಕ ಮಿಕ್ಕ ಮೂರರ ಪಕ್ಕಕ್ಕೆ ಬಂದು ಕೂತಿತು. ಹಿಂದಿನ ಬಾಕಿ ಕೊಡುವುದಿಲ್ಲ, ಇನ್ನು ಮುಂದಕ್ಕೆ ಮಾತ್ರ ಎಂದು ಹುಕುಂ. ಅದಕ್ಕೂ ನಾನು ಜಗಳ ಆಡಿದೆ, ನಡೆಯಲಿಲ್ಲ.

ಹುಕುಂ ಬಂದ ದಿನ ಊಟವನ್ನೂ ಮಾಡದೆ ಬಿಂಡಿಗನವಿಲೆ ರಸ್ತೆಗೆ ಹೋದೆ. ಮೇಸ್ತ್ರಿ ಜಲ್ಲಿಯ ಪೆಟ್ಟಿಗೆ ಎಣಿಸುತ್ತಿದ್ದ. ಐದು, ಆರು, ಮತ್ತೊಂದು ಎಂದ. ನಾನು ಆಗಷ್ಟೇ ನಿಂಗಮ್ಮನಿಗೆ ವಿಷಯವನ್ನೆಲ್ಲ ಹೇಳಿ ಮುಗಿಸಿದ್ದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ಲೇ ಮೇಸ್ತ್ರಿ, ಏಳು ಅನ್ಲಾ. ಮತ್ತೊಂದು ಮತ್ತೊಂದು ಅಂತಾನೇ ನಮ್ದೊಂದು ಓಯ್ತು. ಕಲ್ಲು ಕಣ್ಲಾ ಅದು, ಎದ್ದು ಎಲ್ಲಿಗೋದಾತು?"

ಮೇಸ್ತ್ರಿ ಅತ್ತ ಇತ್ತ ನೋಡಿ, ಮೆಲ್ಲಗೆ ಏಳು ಎಂದ. ಇನ್ನೊಂದು ಸಲ ಗಟ್ಟಿಯಾಗಿ ಅನ್ನಿಸಿದಳು. ಹೆಂಗಸರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಿಂಗಮ್ಮ ನನ್ನ ಕಡೆ ತಿರುಗಿದಳು. "ನೀವು ಪಟ್ಣದೋರು, ಕನ್ನಂಬಾಡಿ ನಿಮ್ಗತ್ರ. ನನ್ ಮಗ್ಳಿಗೆ ಏಳಿ ಸ್ವಾಮಿ, ನಾಗಮಂಗ್ಲದ ಕಲ್ಲೂ ಗಟ್ಟಿಯಾಯ್ತಂತೆ, ಬಾ ಅಂತ."

ಮಾರನೆಯ ದಿನ ಹಿರೋಡೆಯಲ್ಲಿ ನಾನು ಧಾರಣೆ ಬರೆಯಬೇಕಾಗಿತ್ತು. ಹೋಗಲಿಲ್ಲ. ಕನ್ನಂಬಾಡಿಗೆ ಹೋಗಿ, ಕೂಲಿಯವರ ಗುಡಿಸಲುಗಳ ಸಾಲಿನಲ್ಲಿ ಸಣ್ಣಮ್ಮ ಎಲ್ಲಿ, ಬಿಂಡಿಗನವಿಲೆ ಸಣ್ಣಮ್ಮ ಎಲ್ಲಿ ಎಂದು ಕೇಳುತ್ತಾ ತಿರುಗಿದೆ. ಅಷ್ಟು ಗುಡಿಸಲುಗಳಲ್ಲಿ ಎಷ್ಟೋ ಕಡೆ ಯಾರೋ ಕಂಬಳಿ ಹೊದ್ದು ನಡುಗುತ್ತಾ ಮಲಗಿದ್ದರು. ಒಂದೊಂದು ಬಾಗಿಲಲ್ಲೂ ಬಗ್ಗಿ ಮುಖ ನೋಡಿದೆ. ಕೊನೆಗೆ ಒಂದು ಗುಡಿಸಲ ಮುಂದೆ ನೆಲದ ಮೇಲೆ ಕೂತು ಮಗುವಿಗೆ ಹಾಲು ಕುಡಿಸುತ್ತಿದ್ದ ಸಣ್ಣಮ್ಮ ಸಿಕ್ಕಳು. ಸೊರಗಿದ್ದಳು, ಆದರೆ ಮಗು ಕಾಲು ಒದೆಯುತ್ತಾ ಚೆನ್ನಾಗಿಯೇ ಇತ್ತು. ನಾನು ಅವಳ ತಾಯಿಯ ಮಾತನ್ನು ಹಾಗೆಯೇ ಹೇಳಿದೆ. ಅವಳಿಗೆ ತಕ್ಷಣ ಅರ್ಥವಾಯಿತು. ನಂಬಿಕೆ ಮಾತ್ರ ಬರಲಿಲ್ಲ.

"ಏಟಾಯ್ತಂತೆ?" ಎಂದಳು.

"ಏಳು" ಎಂದೆ.

ಸಣ್ಣಮ್ಮ ಮಗುವನ್ನು ಎತ್ತಿಕೊಂಡು ಎದ್ದಳು.